ಮಾತೆಲ್ಲ ಹಿಂದಿಂದ ಬರ್ತದೆ ಮಾರಾಯ

"ಮಾತೆಲ್ಲ ಹಿಂದಿಂದ ಬರ್ತದೆ ಮಾರಾಯ, ಅಪ್ಪನ ಕೋಣೆ ಕಡೆಯಿಂದ" ಅಂತ ಅಮ್ಮ ಮೊದಲ ಸಲ ಫೋನಿನಲ್ಲಿ ಹೇಳಿದಾಗ ನಾನು ಬೆಂಗಳೂರಲ್ಲಿ ಮೀಟಿಂಗ್ ಶುರುವಾಗಲಿ ಅಂತ ಕಾಯ್ತಾ ಕೂತಿದ್ದೆ. "ಸೌಂಡು ಜಾಸ್ತಿ ಇಟ್ಕೊಂಡಿರ್ತೀಯ, ಗೋಡೆಗೆ ಬಡಿದು ಹಂಗೆ ಕೇಳ್ತದೆ" ಅಂದು ಇಟ್ಟುಬಿಟ್ಟೆ. ಎರಡನೇ ಸಲ ಹೇಳಿದಾಗ ತೀರ್ಥಹಳ್ಳಿಯ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪ ಹೋಗಿ ಒಂದೂವರೆ ವರ್ಷ. ಅಮ್ಮ ಮನೆಯಲ್ಲಿ ಒಬ್ಬಳೇ. ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಒಂದೇ ವಿಷಯ ಯೋಚನೆ ಮಾಡುತ್ತಿದ್ದೆವು.

ನಮ್ಮನೆ ಹೊಸನಗರ ತಾಲ್ಲೂಕಿನ ಬಟ್ಟೆಮಲ್ಲಪ್ಪದ ಕಡೆ. ಅಪ್ಪನಿಗೆ ಸಿನಿಮಾ ಹುಚ್ಚು ಹಿಡಿಸಿದ್ದು ಹೆಗ್ಗೋಡು. ನೀನಾಸಂನವರು 1973ರಲ್ಲಿ ಚಿತ್ರಸಮಾಜ ಶುರು ಮಾಡಿದ್ದರು. ಅಪ್ಪ ಹುಡುಗನಾಗಿದ್ದಾಗ ಸೈಕಲ್ ತುಳಿದು ಹೋಗಿ ನೋಡಿ ಬರುತ್ತಿದ್ದನಂತೆ. ರಿಟೈರ್ ಆದ ಮೇಲೆ ನನ್ನ ಹಳೇ ಕಂಪ್ಯೂಟರು, ಒಂದು ಪ್ರೊಜೆಕ್ಟರು, ಆರು ಸ್ಪೀಕರಿನ ಸೆಟ್ಟು ಸೇರಿಸಿ ಜಗಲಿಯನ್ನೇ ಥಿಯೇಟರ್ ಮಾಡಿದ. ಹಿಂದಿನ ಎರಡು ಸ್ಪೀಕರು ನಾಗಂದಿಗೆಯ ಮೇಲೆ. ಎಡಗಡೆಯದ್ದು ಅವನ ಕೋಣೆಯ ಬಾಗಿಲಿನ ನೆತ್ತಿಗೇ ಬರ್ತದೆ.

ರಾತ್ರಿ ಊಟ ಆದ ಮೇಲೆ ಅಮ್ಮ ಅಪ್ಪನ ಹಾರ್ಡ್ ಡಿಸ್ಕಿನಿಂದ ಒಂದೊಂದೇ ಸಿನಿಮಾ ಹಾಕಿಕೊಂಡು ನೋಡುತ್ತಾಳೆ. ಅದು ನಮಗೆ ಗೊತ್ತಾಗಿದ್ದೇ ಈ ದೂರಿನಿಂದ.

ಭೂಮಿ ಹುಣ್ಣಿಮೆಗೆ ಊರಿಗೆ ಹೋದಾಗ ನೋಡಿದೆ. ನೋಡಿದೆ ಅಂದರೆ, ಒಂದು ಹಳೇ ಯಕ್ಷಗಾನದ ರೆಕಾರ್ಡಿಂಗ್ ಹಾಕಿದೆ. ಭಾಗವತರು ಮುಂದೆಯೇ ಹಾಡಿದರು, ಚಂಡೆ ಮುಂದೆಯೇ ಬಡಿಯಿತು. "ಎಲ್ಲ ಸರಿ ಇದೆಯಲ್ಲ ಅಮ್ಮ?" ಅಂದೆ. ಅವಳು "ಇದು ಯಾವತ್ತೂ ಸರಿಯೇ ಕೇಳ್ತದೆ. ಸಿನಿಮಾ ಹಾಕಿದ್ರೆ ಮಾತ್ರ ಹಂಗೆ" ಅಂದಳು. ಹತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇರುವವನು ನಾನು. ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ ಅಂತ ಇಷ್ಟು ಸ್ಪಷ್ಟವಾಗಿ ಹೇಳುವ ಗ್ರಾಹಕ ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅಮ್ಮ ಹೇಳಿದ್ದಕ್ಕೆ ಮಾತ್ರ ತಲೆಯಾಡಿಸಿ, ಶಿವಮೊಗ್ಗದ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಲು ಅಕ್ಕನಿಗೆ ಹೇಳಿ ಬಸ್ ಹತ್ತಿದೆ.

ದೀಪಾವಳಿಗೆ ಮತ್ತೆ ಹೋದೆ. ಆ ರಾತ್ರಿ ಯಾಕೋ ಅಮ್ಮನ ಪಕ್ಕ ಕೂತು ಅಪ್ಪನ ಒಂದು ಸಿನಿಮಾ ಹಾಕಿದೆ. ಪರದೆಯ ಮೇಲೆ ಹೆಂಗಸೊಬ್ಬಳು ಬಾಯಿ ತೆರೆದಳು. ಮಾತು ನನ್ನ ಬೆನ್ನ ಹಿಂದೆ, ನಾಗಂದಿಗೆಯ ಎಡಮೂಲೆಯಲ್ಲಿ ಕೇಳಿಸಿತು. ಮೈ ಜುಮ್ಮೆಂದಿತು. ಅಮ್ಮ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಆಮೇಲೆ ಹತ್ತು ನಿಮಿಷದ ಕೆಲಸ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನಲ್ಲಿ ಪ್ಲೇಬ್ಯಾಕ್, ಅಲ್ಲಿ ಸ್ಪೀಕರ್, ಅಲ್ಲಿ ಕಾನ್ಫಿಗರ್ ಅಂತ ಒಂದು ಗುಂಡಿ ಇದೆ. ಒತ್ತಿದರೆ ಆರೂ ಸ್ಪೀಕರಿನ ಚಿತ್ರ ಬರುತ್ತದೆ, ಒಂದೊಂದನ್ನೇ ಮುಟ್ಟಿ ಕೇಳಬಹುದು. ಮುಂದಿನ ನಡುವಿನದ್ದು ಮುಟ್ಟಿದರೆ ಹಿಂದಿನ ಎಡದ್ದು ಕೂಗಿತು. ಹಿಂದಿನ ಎಡದ್ದು ಮುಟ್ಟಿದರೆ ಮುಂದಿನ ನಡುವಿನದ್ದು. ನಮ್ಮ ಹಳೇ ಆಂಪ್ಲಿಫೈಯರಿಗೆ ಎಚ್‌ಡಿಎಂಐ ಇಲ್ಲ, ಇದ್ದಿದ್ದರೆ ಒಂದೇ ವೈರಿನಲ್ಲಿ ಎಲ್ಲ ಹೋಗುತ್ತಿತ್ತು. ಇಲ್ಲಿ ಮೂರು ಪಿನ್ನು, ಒಂದೊಂದರಲ್ಲಿ ಎರಡೆರಡು ಸ್ಪೀಕರಿನ ಶಬ್ದ. ಕಂಪ್ಯೂಟರಿನ ಹಸಿರು ತೂತು ಮುಂದಿನ ಎಡಬಲಕ್ಕೆ, ಕಪ್ಪು ಹಿಂದಿನವಕ್ಕೆ, ಕಿತ್ತಳೆ ನಡುವಿನದ್ದಕ್ಕೆ ಮತ್ತು ಧಡಧಡ ಅನ್ನುವ ಸಬ್‌ವೂಫರಿಗೆ. 5.1 ಸಿನಿಮಾದಲ್ಲಿ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಿಂದ. ಯಕ್ಷಗಾನದ ರೆಕಾರ್ಡಿಂಗು ಬರೀ ಸ್ಟೀರಿಯೋ. ಅದಕ್ಕೆ ಹಸಿರು ಒಂದೇ ಸಾಕು. ಕಪ್ಪು, ಕಿತ್ತಳೆ ಅದಲುಬದಲಾಗಿದ್ದು ಅದರಲ್ಲಿ ಗೊತ್ತಾಗುವ ಹಾಗೇ ಇರಲಿಲ್ಲ.

"ಇದನ್ನ ಯಾರು ಹಿಂಗೆ ಹಾಕಿದ್ದು?" ಅಂದೆ. ದನಿ ಸ್ವಲ್ಪ ಜೋರೇ ಇತ್ತೇನೋ.

ಅಮ್ಮ ಒಳಗೆ ಹೋಗಿ ಹಾಲಿನ ಲೆಕ್ಕದ ಪುಸ್ತಕ ತಂದಳು. ನಮ್ಮ ಕಡೆ ಗುಡುಗಿದರೆ ಮೊದಲು ವೈರು ಕೀಳುವುದು, ಆಮೇಲೆ ಅಂಗಳದ ಬಟ್ಟೆ ತೆಗೆಯುವುದು. ಏಪ್ರಿಲ್‌ನ ಮೊದಲ ಸಿಡಿಲಿಗೆ ಅವಳು ಕಂಪ್ಯೂಟರಿನ ಹಿಂದಿನ ಪಿನ್ನೆಲ್ಲ ಕಿತ್ತು, ಮರುದಿನ ನನಗೆ ಫೋನ್ ಮಾಡಿದ್ದಳು. ಎಸ್‌ಪಿ ರೋಡಿನಲ್ಲಿ ನಾನು ತಂದಿದ್ದ ಕೇಬಲ್ಲಿನ ಪಿನ್ನು ಹಸಿರು, ಕೆಂಪು, ಹಳದಿ. ತೂತಿನ ಬಣ್ಣಕ್ಕೆ ಹೊಂದುವುದಿಲ್ಲ. ನಾನು ಹೇಳಿದ್ದನ್ನು ಪುಸ್ತಕದ ಕೊನೇ ಹಾಳೆಯಲ್ಲಿ ತಾರೀಖಿನ ಸಮೇತ ಬರೆದುಕೊಂಡಿದ್ದಳು: ಹಸಿರು ಹಸಿರಿಗೆ, ಕೆಂಪು ಕಪ್ಪಿಗೆ, ಹಳದಿ ಕಿತ್ತಳೆಗೆ.

ಕೆಂಪು ಹೋಗಬೇಕಾದ್ದು ಕಿತ್ತಳೆಗೆ. ಮಳೆಗಾಲದುದ್ದಕ್ಕೂ ಪ್ರತಿ ಗುಡುಗಿಗೆ ಕಿತ್ತು, ಪ್ರತಿ ಸಲ ಪುಸ್ತಕ ನೋಡಿ ಹಾಗೇ ಹಾಕಿದ್ದಾಳೆ. ಒಂದು ಸಲವೂ ತಪ್ಪದೆ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಶಿವಮೊಗ್ಗದ್ದು ಕ್ಯಾನ್ಸಲ್ ಮಾಡ್ತೀನಿ. ಯಾಕೆ ಅಂತ ಅಮ್ಮನಿಗೆ ನೀನೇ ಹೇಳು" ಅಂದಳು. ಕಿವಿ ತೋರಿಸೋಕೆ ಅಂತ ಮಾತ್ರ ಅಮ್ಮನಿಗೆ ಹೇಳಿದ್ದೆವು. ಹೇಳಿದೆ. "ಕಿವಿಗಲ್ಲ ಅಂತ ನಂಗೆ ಗೊತ್ತಿತ್ತು" ಅಂದಳು.

ಪಿನ್ನು ಬದಲಿಸಿ ಅದೇ ಸಿನಿಮಾ ಹಾಕಿದೆ. ಹೆಂಗಸಿನ ಮಾತು ಪರದೆಯಿಂದಲೇ ಬಂತು. ಅಮ್ಮ ಕನ್ನಡಕ ಹಾಕಿಕೊಂಡು, ಪುಸ್ತಕದ ಆ ಸಾಲುಗಳ ಮೇಲೆ ಗೆರೆ ಎಳೆದು, ಪೆನ್ನು ಹಿಡಿದು ಕೂತಳು.

"ಹೂಂ, ಹೇಳು. ನಿಧಾನ ಹೇಳು."