ಮಗನ ಕಾರು, ಮೇಷ್ಟರ ಸನ್ನೆ

ಸನ್ನೆಯ ಪಾಠವನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಹಾರೆ, ಕತ್ತರಿ, ಅಡಕತ್ತರಿ, ತಕ್ಕಡಿ, ಉದಾಹರಣೆಗಳೂ ಅವೇ. ಆದರೆ ಆ ಪಾಠವನ್ನು ನಾನು ಸರಿಯಾಗಿ ಕಲಿತದ್ದು ಹೋದ ಬೇಸಿಗೆ ರಜೆಯಲ್ಲಿ, ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ಮಗನ ಹಳೆಯ ಕಾರಿನೊಳಗೆ ಬಗ್ಗಿ ಕೂತಾಗ.

ಕಾರು ಮಜ್ದಾ ಎಂಎಕ್ಸ್-5. ಅಲ್ಲಿನವರು ಮಿಯಾಟಾ ಎನ್ನುತ್ತಾರೆ. 1989ರಲ್ಲಿ ಮಾರುಕಟ್ಟೆಗೆ ಬಂದ, ಎರಡೇ ಸೀಟಿನ, ಚಾವಣಿ ಮಡಚಬಹುದಾದ ಜಪಾನಿ ಕಾರು. ಮಗ ಕೊಂಡದ್ದು 1996ರದು. ವಯಸ್ಸಿನಲ್ಲಿ ಅವನಿಗಿಂತ ದೊಡ್ಡದು!

"ಅಪ್ಪಾ, ಗೇರ್ ರಾಡ್ ಸರಿ ಇಲ್ಲ. ಶಾರ್ಟ್ ಶಿಫ್ಟರ್ ಹಾಕಿಸ್ತೀನಿ" ಎಂದ. ಅದು ಬೇರೆ ಕಂಪನಿಗಳು ಮಾಡಿ ಮಾರುವ ಬದಲಿ ಗೇರ್ ರಾಡ್. ಹಾಕಿದರೆ ಒಂದು ಗೇರಿನಿಂದ ಇನ್ನೊಂದಕ್ಕೆ ಕೈ ಸರಿಯುವ ದೂರ ಕಡಿಮೆಯಾಗುತ್ತದೆ. ಬೆಲೆ ನೂರಾರು ಡಾಲರ್. ನನ್ನ ಮನಸ್ಸು ಕೂಡಲೇ ರೂಪಾಯಿ ಲೆಕ್ಕಕ್ಕಿಳಿಯಿತು. "ಇರೋದೇ ಚೆನ್ನಾಗಿದೆಯಲ್ಲೋ, ದುಡ್ಡು ದಂಡ" ಎಂದೆ. ಅವನು ಸುಮ್ಮನಾದ. ಪಿಯುಸಿಯಲ್ಲಿ ಹಳೇ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದವನನ್ನು "ಮೊದಲು ಸಿಇಟಿಗೆ ಓದು" ಎಂದು ಗದರಿದಾಗಲೂ ಹೀಗೆಯೇ ಸುಮ್ಮನಾಗಿದ್ದ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಾಳೆಯ ಮೇಲೆ ಚಿತ್ರ ಬರೆದೆ. ಗೇರ್ ರಾಡ್ ಎಂದರೆ ಒಂದು ಸನ್ನೆ. ಮೇಲೆ ಕೈ, ನಡುವೆ ಆನಿಕೆ, ಕೆಳಗೆ ಗೇರ್ ಬಾಕ್ಸ್. ಲೆಕ್ಕಕ್ಕೆಂದು ಆನಿಕೆಯಿಂದ ಮೇಲಿನ ಭಾಗ 20 ಸೆಂ.ಮೀ., ಕೆಳಗಿನದು 4 ಸೆಂ.ಮೀ. ಎನ್ನೋಣ. ಕೆಳತುದಿ 1 ಸೆಂ.ಮೀ. ಸರಿಯಲು ಕೈ 5 ಸೆಂ.ಮೀ. ಸರಿಯಬೇಕು. ಶಾರ್ಟ್ ಶಿಫ್ಟರಿನಲ್ಲಿ ಕೆಳಭಾಗವನ್ನು ಉದ್ದ ಮಾಡುತ್ತಾರೆ. ಅದು 5 ಸೆಂ.ಮೀ. ಆದರೆ ಕೈಗೆ 4 ಸೆಂ.ಮೀ. ಸಾಕು. ಆದರೆ ಪ್ರಕೃತಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ದೂರದಲ್ಲಿ ಶೇ. 20 ಉಳಿದರೆ, ಬಲ ಶೇ. 25 ಹೆಚ್ಚು ಬೇಕು.

ಗೇರ್ ಬಾಕ್ಸಿನೊಳಗೆ ಸಿಂಕ್ರೋನೈಸರ್ ಎಂಬ ವ್ಯವಸ್ಥೆಯೂ ಇದೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಅದರ ಉಂಗುರಗಳು ಉಜ್ಜಿ ಒಂದೇ ವೇಗಕ್ಕೆ ತರುತ್ತವೆ. ಅದಕ್ಕೊಂದು ಕ್ಷಣ ಬೇಕು. ದೂರ ಕಡಿಮೆಯಾಯಿತೆಂದು ಅವಸರದಿಂದ ತಳ್ಳಿದರೆ ಉಂಗುರ ಸವೆಯುತ್ತದೆ.

ಬೆಳಿಗ್ಗೆ ಹಾಳೆಯನ್ನು ಗೆದ್ದವನಂತೆ ಮಗನ ಮುಂದಿಟ್ಟೆ. ಅವನು ನಕ್ಕು, "ಲೆಕ್ಕ ಸರಿ ಅಪ್ಪಾ. ಬಲ ಹೆಚ್ಚಾದ್ರೂ ಪರವಾಗಿಲ್ಲ, ಕೈಗೆ ಬಿಗಿಯಾಗಿ ಸಿಗಬೇಕು. ನೀವೇ ಒಮ್ಮೆ ಹಿಡಿದು ನೋಡಿ" ಎಂದ. ಹಿಡಿದು ನೋಡಿದೆ. ಗೇರಿನಲ್ಲಿದ್ದಾಗಲೂ ರಾಡ್ ಸಡಿಲವಾದ ಹಲ್ಲಿನಂತೆ ಅಲ್ಲಾಡುತ್ತಿತ್ತು. ನನ್ನ ಚಿತ್ರದಲ್ಲಿ ಆನಿಕೆ ಕದಲದ ಚುಕ್ಕೆ. ಇಲ್ಲಿ ಆನಿಕೆಯೇ ಕದಲುತ್ತಿತ್ತು!

ಇಬ್ಬರೂ ಸೇರಿ ಬಿಚ್ಚಿದೆವು. ಮೇಲಿನ ಹೊದಿಕೆ ತೆಗೆದು ಮೂರು ಬೋಲ್ಟ್ ಸಡಿಲಿಸಿದರೆ ರಾಡ್ ಕೈಗೆ ಬರುತ್ತದೆ. ಅದನ್ನು ಹಿಡಿದಿಡುವ ನೈಲಾನ್ ಬುಷ್‌ಗಳು ಸವೆದಿದ್ದವು, ರಬ್ಬರ್ ಹರಿದಿತ್ತು, ಕೂರುವ ಗೂಡಿನಲ್ಲಿ ಎಣ್ಣೆ ಬತ್ತಿತ್ತು. ಅಷ್ಟು ವಯಸ್ಸಿಗೆ ಅದು ಸಹಜವೇ. ಶಾರ್ಟ್ ಶಿಫ್ಟರ್ ಬೆಲೆಯ ಒಂದು ಸಣ್ಣ ಪಾಲಿಗೆ ಹೊಸವು ಬಂದವು. ಗೇರ್ ಎಣ್ಣೆ ಹಾಕಿ ಜೋಡಿಸಿದ ಮೇಲೆ ಪ್ರತಿ ಗೇರೂ ಚಿಲಕ ಹಾಕಿದಂತೆ ಬೀಳತೊಡಗಿತು.

"ಸದ್ಯಕ್ಕೆ ಶಾರ್ಟ್ ಶಿಫ್ಟರ್ ಬೇಡ ಅಪ್ಪಾ" ಎಂದ. ಈ ಸಲ ನಾನು ದುಡ್ಡಿನ ಮಾತೆತ್ತಲಿಲ್ಲ. "ಮುಂದೆ ಬೇಕೆನಿಸಿದರೆ ತಗೋ. ಮೇಲ್ಭಾಗ ಮಾತ್ರ ಗಿಡ್ಡ ಮಾಡಿದ್ದಾದರೆ ಹಿಡಿಕೆ ಕೆಳಗಿಳಿದು ಕೈಗೆ ದೂರವಾಗುತ್ತೆ, ಅದನ್ನ ನೋಡು. ಲೋಹದ ಬುಷ್ ಬಿಗಿ ಇರುತ್ತೆ, ಆದರೆ ಗೇರ್ ಬಾಕ್ಸಿನ ಸದ್ದನ್ನೂ ಒಳಗೆ ತರುತ್ತೆ" ಎಂದಷ್ಟೇ ಹೇಳಿದೆ.

ಸವೆದ ಬುಷ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದೆ. ಸನ್ನೆಯ ಪಾಠದ ದಿನ ಅದು ತರಗತಿಯಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಹಾರೆ, ಅಡಕತ್ತರಿಗಳನ್ನೂ ಈಗ ಮಕ್ಕಳ ಕೈಗೇ ಕೊಡುತ್ತೇನೆ.

ಪೋಷಕರಲ್ಲಿ ಒಂದು ಮಾತು. ಮಕ್ಕಳು ಏನನ್ನಾದರೂ ಬಿಚ್ಚಿಕೊಂಡು ಕೂತಿದ್ದರೆ ಗದರುವ ಮೊದಲು ಪಕ್ಕದಲ್ಲಿ ಕೂತು, ಎಲ್ಲಿ ಸಡಿಲವಾಗಿದೆ ಎಂದು ಕೇಳಿ. ಆ ಮಿಕ್ಸಿಯಲ್ಲಿ ಏನು ಕೆಟ್ಟಿತ್ತೆಂದು ನಾನು ಈಗಲೂ ಅರಿಯೆ.