ಮೋರಿಯ ನೀರು, ಹಕ್ಕಿಗಳ ಕೊಳ

ಹೊಸ ಊರಿಗೆ ಹೋದವರು ಗುಡಿಗೋಪುರಗಳನ್ನು, ಅಂಗಡಿಬೀದಿಗಳನ್ನು ನೋಡುವುದು ವಾಡಿಕೆ. ಆ ಊರಿನ ಮೋರಿಯ ನೀರು ಎಲ್ಲಿಗೆ ಹೋಗಿ ಸೇರುವುದೆಂದು ನೋಡಹೊರಡುವವರು ವಿರಳ. ಅಮೆರಿಕೆಯ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ಸಾನ್‌ಫ್ರಾನ್ಸಿಸ್ಕೊ ನಗರಕ್ಕೆ ಉತ್ತರದಲ್ಲಿ ಸುಮಾರು 280 ಮೈಲಿ ದೂರದಲ್ಲಿರುವ ಆರ್ಕೇಟಾ ಎಂಬ ಊರಿಗೆ ನಾವು ಹೋದುದು ಇದೊಂದನ್ನು ನೋಡುವುದಕ್ಕಾಗಿಯೇ.

20,000ಕ್ಕೂ ಕಡಮೆ ಜನವಸತಿಯುಳ್ಳ ಈ ಊರು ಹಂಬೋಲ್ಟ್ ಕೊಲ್ಲಿಯ ದಂಡೆಯಲ್ಲಿದೆ. ನಾವು ಮುಂಜಾನೆ ಅಲ್ಲಿಗೆ ಹೋದಾಗ ಕಡಲಿನಿಂದೆದ್ದ ಮಂಜು ಇನ್ನೂ ಕರಗಿರಲಿಲ್ಲ. ಕಾಲುದಾರಿಯ ಎರಡು ಪಕ್ಕದಲ್ಲಿಯೂ ಜೊಂಡು ಆಳೆತ್ತರಕ್ಕೆ ಬೆಳೆದಿತ್ತು. ನೀರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದುವು, ಬಾತುಗಳು ಈಜುತ್ತಿದ್ದುವು. ವೃದ್ಧರೊಬ್ಬರು ಮೊಮ್ಮಗುವಿನ ಕೈಹಿಡಿದುಕೊಂಡು ವಾಯುಸೇವನೆಗೆ ಬಂದಿದ್ದರು. ಮೂಗು ಮುಚ್ಚಿಕೊಳ್ಳಬೇಕಾದೀತೆಂದು ಎಣಿಸಿದ್ದ ನಮಗೆ ಕೆಸರುಮಣ್ಣಿನ ವಾಸನೆಯಲ್ಲದೆ ಬೇರೇನೂ ತಿಳಿಯಲಿಲ್ಲ.

ಈ ನೆಲ ಹಿಂದೆ ಹೀಗಿರಲಿಲ್ಲ. ಮರದ ದಿಮ್ಮಿಗಳನ್ನು ತೇಲಿಬಿಡುತ್ತಿದ್ದ ಕೊಳ, ಊರಿನ ಕಸವನ್ನು ಸುರಿಯುತ್ತಿದ್ದ ತಿಪ್ಪೆ, ಇವು ಇಲ್ಲಿದ್ದುವು. ತಿಪ್ಪೆಯನ್ನು 1973ರಲ್ಲಿ ಮುಚ್ಚಿದರು. ಮರುವರ್ಷವೇ ಸಂಸ್ಥಾನದ ಸರಕಾರವು ಒಂದು ಕಟ್ಟಳೆ ಮಾಡಿತು: ಕೊಲ್ಲಿಗಳಿಗೆ ಕೊಳಚೆನೀರನ್ನು ಬಿಡಕೂಡದು, ಬಿಡುವುದಾದರೆ ಅದರಿಂದ ಕೊಲ್ಲಿಗೆ ಹಿತವೇ ಆಗುವುದೆಂದು ತೋರಿಸಿಕೊಡಬೇಕು. ಆಗ ಸುತ್ತಣ ಊರುಗಳೆಲ್ಲ ಕೂಡಿ ಒಂದೇ ದೊಡ್ಡ ಸ್ಥಾವರವನ್ನು ಕಟ್ಟಿ, ನೀರನ್ನು ಹೊರಗಡಲಿಗೆ ಸಾಗಿಸಬೇಕೆಂಬ ಯೋಜನೆಯು ಮುಂದೆ ಬಂದಿತು. ಅದರ ವೆಚ್ಚವು ಬಹಳ ದೊಡ್ಡದು.

ಆರ್ಕೇಟಾದವರು ಇದಕ್ಕೆ ಒಪ್ಪಲಿಲ್ಲ. ಅಲ್ಲಿಯ ವಿಶ್ವವಿದ್ಯಾಲಯದ ಮತ್ಸ್ಯಶಾಸ್ತ್ರಜ್ಞರಾದ ಜಾರ್ಜ್ ಅಲೆನ್‌ರವರು ಶುದ್ಧಿಗೊಳಿಸಿದ ಕೊಳಚೆನೀರಿಗೆ ಸಮುದ್ರದ ನೀರನ್ನು ಬೆರೆಸಿ, ಅದರಲ್ಲಿ ಸಾಲ್ಮನ್ ಮೀನಿನ ಮರಿಗಳನ್ನು ಸಾಕಿದ್ದರು. ಇಂಜಿನಿಯರರಾದ ರಾಬರ್ಟ್ ಗಿಯರ್‌ಹಾರ್ಟ್‌ರವರೂ ಸಂಗಡಿಗರೂ 1979ರಿಂದ ಜವುಗುಮಡಿಗಳಲ್ಲಿ ಪರೀಕ್ಷೆ ನಡೆಸಿದರು. 1986ರಲ್ಲಿ ಇಡೀ ಏರ್ಪಾಡು ಸಿದ್ಧವಾಯಿತು. ಮರುವರ್ಷ ಫೋರ್ಡ್ ಪ್ರತಿಷ್ಠಾನದ ಪುರಸ್ಕಾರವೂ ದೊರೆಯಿತು.

ಇಲ್ಲಿಯ ಕ್ರಮವು ಸರಳವಾದುದು. ಬಂದ ನೀರನ್ನು ಮೊದಲು ಜಾಲರಿಯಲ್ಲಿ ಸೋಸಿ, ತೊಟ್ಟಿಯಲ್ಲಿ ನಿಲ್ಲಿಸಿ, ಗಷ್ಟನ್ನು ತಳಕ್ಕೆ ಇಳಿಸುತ್ತಾರೆ. ಬಳಿಕ ಅದು ವಿಶಾಲವಾದ ಕೊಳಗಳನ್ನು ಸೇರುತ್ತದೆ. ಅಲ್ಲಿ ಪಾಚಿಯು ಬಿಸಿಲಿನ ಬಲದಿಂದ ಆಮ್ಲಜನಕವನ್ನು ಕೊಡುತ್ತದೆ. ಆ ಆಮ್ಲಜನಕದಿಂದ ಬದುಕುವ ಸೂಕ್ಷ್ಮಾಣುಗಳು ಕೊಳೆಯನ್ನು ತಿನ್ನುತ್ತವೆ. ಅನಂತರ ನೀರು ಜೊಂಡಿನ ಮಡಿಗಳಿಗೆ ಹರಿಯುತ್ತದೆ. ಜೊಂಡಿನ ನೆರಳಿಗೆ ಪಾಚಿ ಸತ್ತು ತಳಕ್ಕಿಳಿಯುತ್ತದೆ; ದಂಟುಗಳಿಗೆ ಅಂಟಿದ ಸೂಕ್ಷ್ಮಾಣುಗಳು ಉಳಿದ ಕೊಳೆಯನ್ನು ಕಳೆಯುತ್ತವೆ. ನಮ್ಮ ಹಿರಿಯರು ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಹರಿಯಿಸುತ್ತಿದ್ದುದು ನಮಗೆ ಆಗ ನೆನಪಾಯಿತು. ಆದರೆ ಇಲ್ಲಿ ಕಣ್ಣಿನ ಅಂದಾಜಿಲ್ಲ. ನೀರಿನ ಗುಣವನ್ನು ಅಳೆದು ನೋಡುತ್ತಾರೆ, ರೋಗಾಣುಗಳನ್ನು ನಾಶಗೊಳಿಸುತ್ತಾರೆ. ಈ ಎಚ್ಚರ ತಪ್ಪುವಂತಿಲ್ಲ. ಏಕೆಂದರೆ ಇದೇ ಕೊಲ್ಲಿಯಲ್ಲಿ ಜನರು ತಿನ್ನುವ ಸಿಂಪಿಗಳನ್ನು ಬೆಳೆಸುತ್ತಾರೆ.

ಈಗ ಸ್ಥಾವರ, ಕೊಳ, ಜವುಗು ಎಲ್ಲವೂ ಸೇರಿ 307 ಎಕರೆಗಳ ಪಕ್ಷಿಧಾಮವಾಗಿದೆ. 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಇಲ್ಲಿ ಕಂಡವರಿದ್ದಾರೆ.

ಆದರೂ ನಿಶ್ಚಿಂತೆಯಿಂದಿರುವ ಕಾಲವಿದಲ್ಲ. ಕೊಳಗಳಿಗೂ ಕೊಲ್ಲಿಗೂ ನಡುವೆ ಇರುವುದು ತಗ್ಗಾದ ಮಣ್ಣಿನ ಏರಿ. ಜಗತ್ತಿನ ಕಡಲು ಏರುತ್ತಲಿದೆ. ಈ ಕೊಲ್ಲಿಯ ಸುತ್ತಣ ನೆಲವಾದರೋ ತಾನೇ ಕುಸಿಯುತ್ತಿದೆ. ಆದುದರಿಂದ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ನೀರು ಅತಿವೇಗವಾಗಿ ಮೇಲೇರುತ್ತಿರುವ ಎಡೆಗಳಲ್ಲಿ ಇದೂ ಒಂದು. ಏರಿ ಒಡೆದರೆ ಇಷ್ಟು ವರ್ಷಗಳ ಶ್ರಮವು ಉಪ್ಪುನೀರಿನ ಪಾಲಾದೀತು. ಕಡಲನ್ನು ಕಾಪಾಡಲೆಂದು ಮಾಡಿದ ಕೆಲಸವನ್ನು ಇನ್ನು ಕಡಲಿನಿಂದಲೇ ಕಾಪಾಡಿಕೊಳ್ಳಬೇಕಾಗಿದೆ.

ಮರಳುವಾಗ ನಾವು ಏರಿಯ ಮೇಲೆ ತುಸುಹೊತ್ತು ನಿಂತೆವು. ಒಂದು ಕಡೆ ಊರು ಬಳಸಿ ಬಿಟ್ಟ ನೀರು. ಇನ್ನೊಂದು ಕಡೆ ಭರತಕ್ಕೆ ಉಬ್ಬುತ್ತಿದ್ದ ಕೊಲ್ಲಿ. ಮನೆಯ ಕೊಳೆಯು ಹೊಸ್ತಿಲು ದಾಟಿದೊಡನೆ ನಮ್ಮ ಹೊಣೆ ತೀರಿತೆಂದು ಭಾವಿಸುವುದು ಸುಲಭ. ಆ ಪುಟ್ಟ ಊರಿನವರು ಹಾಗೆ ಭಾವಿಸಲಿಲ್ಲ. ಹಕ್ಕಿಗಳು ಇಲ್ಲಿಗೆ ಬಂದುದು ಅದರಿಂದಲೇ.