ನೌಬತ್ ಪಹಾಡದ ಮೇಲೊಂದು ಗೋದಾವರಿಯ ದೈತ್ಯ

ಹುಸೇನ್ ಸಾಗರದ ಕಡೆಯಿಂದ ಬೀಸುವ ಗಾಳಿಗೆ ಬೆವರು ಆರುವ ಮೊದಲೇ ಮತ್ತೊಂದು ಏರು ಎದುರಾಗುತ್ತದೆ. ಕೆಳಗೆ ಹೈದರಾಬಾದಿನ ಆಟೋಗಳ ಗದ್ದಲ, ಹಾರ್ನುಗಳ ಮೇಲಾಟ. ಪಕ್ಕದ ಕಾಲಾ ಪಹಾಡದ ನೆತ್ತಿಯಲ್ಲಿ ಬಿರ್ಲಾ ಮಂದಿರದ ಬಿಳಿ ಅಮೃತಶಿಲೆ ಬಿಸಿಲಿಗೆ ಕಣ್ಣು ಕುಕ್ಕುತ್ತಿದೆ. ಆ ಗುಡಿಯಲ್ಲಿ ಗಂಟೆಯನ್ನೇ ಕಟ್ಟಿಲ್ಲ. ಬಂದವರು ಸದ್ದಿಲ್ಲದೆ ಧ್ಯಾನಿಸಲಿ ಎಂಬ ಉದ್ದೇಶ. ನಾವು ಹತ್ತುತ್ತಿರುವ ನೌಬತ್ ಪಹಾಡದ ಕಥೆ ತದ್ವಿರುದ್ಧ. ಹಿಂದೆ ಇಲ್ಲಿ ನಗಾರಿ ಬಾರಿಸಿ ಫರ್ಮಾನು ಸಾರುತ್ತಿದ್ದರಂತೆ.

ಹತ್ತುವಾಗ ಒಮ್ಮೆ ಕಾಲ ಕೆಳಗಿನ ಬಂಡೆಯನ್ನೂ ನೋಡಿಬಿಡಿ. ಬೂದು ಮೈಯಲ್ಲಿ ನಸುಗೆಂಪು ಕಾಳುಗಳು ಮಿನುಗುವ ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ನಾವು ನೋಡಹೊರಟಿರುವ ಪ್ರಾಣಿ ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು!

ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದ ಒಳಗೆ ಶಾಲಾ ಮಕ್ಕಳ ದಂಡು ಗುಂಡಿ ಒತ್ತುತ್ತ, ಹಿಡಿಕೆ ತಿರುಗಿಸುತ್ತ ಕೇಕೆ ಹಾಕುತ್ತಿದೆ. ತೆಲುಗು, ಉರ್ದು, ಹಿಂದಿ ಎಲ್ಲ ಕಲಸಿಹೋದ ಕಲರವ. ಅದನ್ನು ದಾಟಿ ಡೈನೋಸಾರಿಯಮ್ಮಿಗೆ ಬನ್ನಿ. ಮಾತು ಅಲ್ಲೇ ನಿಲ್ಲುತ್ತದೆ.

ಮೊದಲು ಕಾಣುವುದು ಒಟ್ಟು ಆಕಾರ. ನಂತರ ಕಣ್ಣು ಬಾಲದ ತುದಿಯಿಂದ ಹೊರಟು ಮಣಿ ಮಣಿಯಾಗಿ ದಪ್ಪವಾಗುವ ಬೆನ್ನೆಲುಬನ್ನು ಹಿಡಿದು ಸಾಗುತ್ತದೆ; ಸೊಂಟ, ಕಂಬದಂಥ ಹಿಂಗಾಲು, ಹಳೆಯ ತೊಟ್ಟಿಮನೆಯ ಮಾಡಿನ ಜಂತೆಗಳಂತೆ ಇಳಿಬಿದ್ದ ಪಕ್ಕೆಲುಬು, ಆಮೇಲೆ ಮುಗಿಯದ ಕತ್ತು. ಹತ್ತಿರ ಹತ್ತಿರ 44 ಅಡಿ ಉದ್ದ. ಹೆಸರು ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್. ಅಮೆರಿಕದಿಂದಲೋ ಚೀನಾದಿಂದಲೋ ತರಿಸಿದ ಅಚ್ಚಲ್ಲ ಇದು. ಹಳೆಯ ಆದಿಲಾಬಾದ್ ಜಿಲ್ಲೆಯ ಯಮನಪಲ್ಲಿ ಎಂಬ ಹಳ್ಳಿಯ ನೆಲದಿಂದ ಎದ್ದು ಬಂದದ್ದು.

ನನ್ನ ಪಕ್ಕದಲ್ಲಿ ಒಂದು ಕುಟುಂಬ ನಿಂತಿದೆ. ಮಾತು ಕೇಳುತ್ತಲೇ ಕಲಬುರಗಿಯವರೆಂದು ಗೊತ್ತಾಗುತ್ತದೆ. ಪುಟ್ಟ ಹುಡುಗಿ ಅಪ್ಪನ ಅಂಗಿ ಜಗ್ಗುತ್ತಾಳೆ.

"ಅಪ್ಪಾ, ಇದು ಮಂದೀನ್ನ ತಿಂತಿತ್ತೇನು?"

"ಇಲ್ಲವ್ವಾ, ಬರೇ ತಪ್ಪಲಾ ತಿಂತಿತ್ತಂತ. ಅವಾಗ ಮಂದಿ ಎಲ್ಲಿದ್ರು!" ಎಂದವರೇ ನನ್ನತ್ತ ತಿರುಗುತ್ತಾರೆ. "ಖರೇ ಎಲುಬೇನ್ರೀ ಇವು, ಇಲ್ಲಾ ಕಲ್ಲೇನ್ರೀ?"

ಎರಡೂ ಹೌದು. 16 ಕೋಟಿ ವರ್ಷಗಳಿಗೂ ಹಿಂದೆ, ಜುರಾಸಿಕ್ ಯುಗದಲ್ಲಿ, ಇಂದಿನ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ಸತ್ತ ಈ ಪ್ರಾಣಿಗಳ ಮೇಲೆ ಮಣ್ಣು, ಮರಳು ಕೂತವು. ನೀರಿನಲ್ಲಿ ಕರಗಿದ್ದ ಖನಿಜಗಳು ಎಲುಬಿನ ಸಣ್ಣ ಸಣ್ಣ ರಂಧ್ರಗಳಲ್ಲಿ ತುಂಬಿಕೊಂಡವು. ಆಕಾರ ಎಲುಬಿನದೇ ಉಳಿಯಿತು, ತೂಕ ಕಲ್ಲಿನದಾಯಿತು. 1970ರ ದಶಕದ ಕೊನೆಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಅಗೆದಾಗ ಸಿಕ್ಕ ತುಂಡುಗಳು ಸುಮಾರು 840. ಕಡಿಮೆಯೆಂದರೂ ಹನ್ನೆರಡು ಪ್ರಾಣಿಗಳವು. ಅವನ್ನು ಹೊಂದಿಸಿ ನೋಡಿ, 1988ರಲ್ಲಿ ಹೆಸರಿಟ್ಟವರು ಅಲ್ಲಿನ ಪಿ. ಯಾದಗಿರಿ. ಹಾಗಾಗಿ ನಮ್ಮೆದುರು ನಿಂತಿರುವುದು ಒಂದೇ ಜೀವವಲ್ಲ, ಒಂದು ಹಿಂಡಿನಷ್ಟು ಎಲುಬುಗಳಿಂದ ಆರಿಸಿ ಜೋಡಿಸಿದ ದೇಹ. ತಲೆಬುರುಡೆ ಮಾತ್ರ ಸಿಕ್ಕಲೇ ಇಲ್ಲ, ಸಿಕ್ಕಿದ್ದು ಎರಡು ಹಲ್ಲು. ಅಷ್ಟು ಎತ್ತರದಲ್ಲಿ ನಮ್ಮನ್ನು ನೋಡುತ್ತಿರುವ ಆ ತಲೆ ವಿಜ್ಞಾನಿಗಳ ಊಹೆಯದು. ನನಗಂತೂ ಇದು ತಿಳಿದ ಮೇಲೆ ಅದರ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಿತು.

ಕಾಲುಗಳ ಹತ್ತಿರ ಇನ್ನೊಮ್ಮೆ ಬನ್ನಿ. ಮುಂದೆ ಬಂದ ಉದ್ದಕತ್ತಿನ ದೈತ್ಯರಿಗೆ ಹೋಲಿಸಿದರೆ ಇವು ತೆಳು. ಆ ದೊಡ್ಡ ವಂಶದ ಆರಂಭದ ಮೆಟ್ಟಿಲಲ್ಲಿ ನಿಂತ ಪ್ರಾಣಿ ಇದು, ಅದಕ್ಕೇ ಪಂಡಿತರಿಗೆ ಇದರ ಮೇಲೆ ಕಣ್ಣು. ಈ ಎಲುಬುಗಳು ದೊರೆತ ಕೋಟಾ ಶಿಲಾಸ್ತರದಲ್ಲೇ ಸಿಕ್ಕ ಇದರ ನೆಂಟ ಬರಪಾಸಾರಸ್ ಟಾಗೋರಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಸಂಖ್ಯಾಶಾಸ್ತ್ರದ ಮನೆಯಲ್ಲಿ, ಕವಿ ರವೀಂದ್ರರ ಹೆಸರು ಹೊತ್ತ ಡೈನೋಸಾರ್!

"ನಮ್ಮ ಕಡಿ ಇಂಥಾವು ಸಿಗಂಗಿಲ್ಲೇನ್ರೀ?" ಕಲಬುರಗಿಯವರ ದನಿಯಲ್ಲಿ ಸಣ್ಣ ಅಸೂಯೆ.

ಅವರ ಮನೆಯ ನೆಲದ ಶಹಾಬಾದ್ ಫರಸಿಯನ್ನು ನೆನಪಿಸುತ್ತೇನೆ. ಆ ಸುಣ್ಣಕಲ್ಲು ಒಂದು ಕಾಲದ ಸಮುದ್ರದ ತಳ. ಅದು ಕೆಸರಾಗಿ ಕೂರುತ್ತಿದ್ದಾಗ ಲೋಕದಲ್ಲಿ ಎಲುಬಿರುವ ಪ್ರಾಣಿಯೇ ಹುಟ್ಟಿರಲಿಲ್ಲ. ಇನ್ನು ಎರೆಭೂಮಿಗೆ ತಾಯಿಯಾದ ಕಪ್ಪು ಕಲ್ಲು ಲಾವಾ ಆಗಿ ಹರಿದದ್ದು ಡೈನೋಸಾರುಗಳ ಕಾಲ ಮುಗಿಯುವ ಹೊತ್ತಿಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಒಂದು ತೀರಾ ಮೊದಲು, ಇನ್ನೊಂದು ತೀರಾ ತಡ. "ಅಂದ್ರ ಇದಕ್ಕಿಂತ ನಮ್ಮನಿ ಫರಸೀನ ಹಿರೇದು ಅನ್ರೀ!" ಎಂದು ಅವರು ಹೆಂಡತಿಯತ್ತ ತಿರುಗಿ ಗೆಲುವಿನಿಂದ ನಗುತ್ತಾರೆ.

ಹುಡುಗಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಳ್ಳುತ್ತಿದ್ದಾಳೆ: ಕೋ-ಟಾ-ಸಾ-ರಸ್. ಟಿ. ರೆಕ್ಸ್ ಗೊತ್ತಿಲ್ಲದ ಮಗು ನಮ್ಮಲ್ಲಿಲ್ಲ. ಗೋದಾವರಿ ಸೀಮೆಯ ಈ ಸಾಧು ಪ್ರಾಣಿಯ ಹೆಸರು ಬಲ್ಲ ದೊಡ್ಡವರೂ ವಿರಳ. ಚಾರ್‌ಮಿನಾರ್, ಬಿರಿಯಾನಿ ಎಂದು ಹೈದರಾಬಾದಿಗೆ ಹೋಗುವವರು ಒಂದು ಬೆಳಗನ್ನು ಈ ಗುಡ್ಡಕ್ಕೆ ಕೊಡಿ. ಮಕ್ಕಳನ್ನು ಕರೆದೊಯ್ಯಿರಿ, ಫೋಟೋ ತೆಗೆಯುವ ಮೊದಲು ಬಾಲದ ತುದಿಯಿಂದ ತಲೆಯವರೆಗೆ ಒಂದು ಸುತ್ತು ನಿಧಾನವಾಗಿ ನಡೆಯಿರಿ.